ಸರೋಜವ್ವನ ಹಳದಿ ದಾರ

ಚಿಕ್ಕೇರೂರಿನ ಆಚೆಗಿರುವ ನಮ್ಮದು ಊರು ಅನ್ನಿಸಿಕೊಳ್ಳುವಷ್ಟು ದೊಡ್ಡದಲ್ಲ. ಒಬ್ಬರ ಮನೆಯ ಒಗ್ಗರಣೆ ಎಲ್ಲರ ಮೂಗಿಗೂ ಬಡಿಯುವ ಒಂದು ಸಾಲು ಮನೆ, ಅಷ್ಟೇ. ಇಂಥಲ್ಲಿ ಮಾನ ಹೋದರೆ ಮುಚ್ಚಿಡಲು ಜಾಗವಿಲ್ಲ. ನಮ್ಮ ಸರೋಜವ್ವನ ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

ಇಲ್ಲಿ ಬೀಜಕ್ಕಾಗಿ ಹತ್ತಿ ಬೆಳೆಯುತ್ತಾರೆ. ಸಂಜೆ ಹೆಣ್ಣು ಗಿಡದ ಮೊಗ್ಗು ಸುಲಿದಿಡಬೇಕು. ಮರುದಿನ ಬೆಳಿಗ್ಗೆ ಗಂಡು ಹೂವನ್ನು ಅದಕ್ಕೆ ಮುಟ್ಟಿಸಿ, ಗುರುತಿಗೆ ದಾರ ಕಟ್ಟಬೇಕು. ಕೂಲಿಯವರು ಸಿಗುವುದಿಲ್ಲ, ಹಾಗಾಗಿ ಮುಯ್ಯಾಳು: ಇಂದು ನಿನ್ನ ಹೊಲ, ನಾಳೆ ನನ್ನದು. ಯಾರ ಕೆಲಸವೆಂದು ತಿಳಿಯಲು ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಬಣ್ಣದ ದಾರ. ಸರೋಜವ್ವನದು ಹಳದಿ, ಪಕ್ಕದ ಮನೆಯ ಗುಲ್ನಾರಳದು ನೀಲಿ.

ಅಂದು ಗುಲ್ನಾರಳ ಹೊಲದಲ್ಲಿ ಸರೋಜವ್ವ ಎಂದಿನಂತೆ ಎಲ್ಲರಿಗಿಂತ ಮುಂದಿದ್ದಳು. “ಏನವಾ ಶೀಲಾ, ಗಿಡದ ಕೂಡ ಮಾತಾಡಾಕತ್ತೀಯೇನ?” ಎಂದು ಹಿಂದಿದ್ದವಳನ್ನು ಕೆಣಕಿದಳು. ಅಷ್ಟರಲ್ಲಿ ಉಡಿಯೊಳಗಿನ ಗಂಡು ಹೂ ಮುಗಿದವು. ತರಲು ಹೊಲದ ಆ ತುದಿಗೆ ಹೋಗಬೇಕು. ಹೋಗಿ ಬರುವಷ್ಟರಲ್ಲಿ ಶೀಲಾ ಮುಂದಾಗಿಬಿಡುತ್ತಾಳೆ. ಸರೋಜವ್ವ ಹೋಗಲಿಲ್ಲ. ಉಳಿದ ಸಾಲಿಗೆಲ್ಲ ಹೂ ಮುಟ್ಟಿಸದೆ ಬರೀ ದಾರ ಕಟ್ಟುತ್ತ ಹೋದಳು. ಯಾರೂ ನೋಡಲಿಲ್ಲ.

ಗಿಡ ಸುಮ್ಮನಿರುತ್ತದೆಯೇ? ಕೆಲವು ದಿನ ಕಳೆದು ಸರೋಜವ್ವ ತನ್ನ ಹೊಲದ ಬದುವಿನ ಮೇಲೆ ನಿಂತು ನೋಡಿದರೆ, ಗುಲ್ನಾರಳ ಆ ಸಾಲಿನಲ್ಲಿ ಹೂವೆಲ್ಲ ಕಾಯಿ ಕಟ್ಟದೆ ಉದುರಿ, ಬೋಳು ರೆಂಬೆಗಳಲ್ಲಿ ಹಳದಿ ದಾರ ಮಾತ್ರ ಉಳಿದಿತ್ತು. ಮರುದಿನ ಹೆಂಗಸರೆಲ್ಲ ಮತ್ತೆ ಅದೇ ಹೊಲಕ್ಕೆ ಬರುವವರಿದ್ದರು. ದಾರ ಯಾರದೆಂದು ಅವರಿಗೆ ಹೇಳಿಕೊಡಬೇಕೇ?

ಬೆಳಕು ಹರಿಯುತ್ತಲೇ ಸರೋಜವ್ವ ದಾರ ಬಿಚ್ಚಿಬಿಡಲು ಓಡಿದಳು. ಸಾಲಿನಲ್ಲಿ ಒಂದು ದಾರವೂ ಇರಲಿಲ್ಲ. ಗುಲ್ನಾರ ಬದುವಿನ ಮೇಲೆ ಕುಳಿತಿದ್ದಳು, ಮುಷ್ಟಿಯಲ್ಲಿ ಹಳದಿ ಎಳೆಗಳು.

“ಅವರು ನೋಡಿಗೀಡ್ಯಾರಂತ ನಾನ ಬಿಚ್ಚೇನ್ರಿ ಅಕ್ಕಾ,” ಎಂದಳು.

“ಬೈಯವಾ ನನ್ನ. ಹೂ ಮುಟ್ಟಸದ ಬರೇ ದಾರ ಕಟ್ಟೇನಿ.”

“ಬೈದ್ರ ಕಾಯಿ ಹಿಡೀತಾವೇನ್ರಿ? ನಡೀರಿ, ನಾಳೆ ನಿಮ್ಮ ಹೊಲಕ್ಕ ಲಗೂನ ಬರ್ತೇನಿ.”

ಹೇಳಿದಂತೆ ಬಂದಳು, ಕೊನೆಯ ಸಾಲಿನವರೆಗೆ ದುಡಿದಳು.

ಮುಂದೆ ಹತ್ತಿ ಬಿಡಿಸುವ ಕಾಲ ಬಂತು. ಸರೋಜವ್ವನ ಹೊಲದಲ್ಲಿ ಗುಲ್ನಾರಳ ನೀಲಿ ದಾರ ಇದ್ದಲ್ಲೆಲ್ಲ ಕಾಯಿ ಒಡೆದು ಬೆಳ್ಳಗೆ ನಿಂತಿತ್ತು. ಸರೋಜವ್ವ ಮುಂದೆ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು.

“ಶೀಲಾ, ಈ ಸಾಲ ನೀನ ಬಿಡಸವಾ,” ಎಂದಳು. “ನನಗ ಕೈ ಬರವಲ್ದು.”