ನೀಲವ್ವ ಉಣಿಸಿದ ಮೊದಲ ತುತ್ತು

ಕೂಸಿಗೆ ಎಣ್ಣೆ ತಿಕ್ಕುವಾಗ ನೀಲವ್ವ ಅದರ ಜೊತೆ ಜಗಳಾಡುತ್ತಿದ್ದಳು. "ಏನ್ ಸಾವ್ಕಾರ್ತಿ, ಕಾಲ್ ಚಾಚಾಕೂ ಒಲ್ಲೆ ಅಂತೀಯೇನು? ನಿಮ್ಮಪ್ಪ ಬರ್ಲಿ, ಹೇಳ್ತೀನಿ ತಡಿ" ಎಂದು ಗದರುತ್ತ, ತನ್ನ ಚಾಚಿದ ಕಾಲುಗಳ ಮೇಲೆ ನನ್ನ ಮಗಳನ್ನು ಬೋರಲು ಹಾಕಿ ಬೆನ್ನು ನೀವುತ್ತಿದ್ದಳು. ಪುಣೆಯ ವಿಮಾನ ನಗರದ ನಮ್ಮ ಆರನೇ ಮಹಡಿಯ ಬಚ್ಚಲಿನಲ್ಲಿ ಈ ಜಗಳ ದಿನಾ ಒಂಬತ್ತು ಗಂಟೆಗೆ ಶುರು. ನನ್ನ ಮುದ್ದುಮಾತಿಗೆ ಮುಖ ಸಿಂಡರಿಸುವ ಮಗಳು ಈ ಬೈಗುಳಕ್ಕೆ ಕೇಕೆ ಹಾಕುತ್ತಿದ್ದಳು. ನನಗೆ ಒಳಗೊಳಗೇ ಹೊಟ್ಟೆಕಿಚ್ಚಾಗುತ್ತಿತ್ತು.

ನೀಲವ್ವ ಯಾದಗಿರಿ ಕಡೆಯವಳು. ಮದುವೆಯಾದ ವರ್ಷವೇ ಗಂಡನೊಂದಿಗೆ ಪುಣೆಗೆ ಬಂದು, ಕಟ್ಟಡಗಳಲ್ಲಿ ಇಟ್ಟಂಗಿ ಹೊತ್ತು, ಸೊಂಟ ಸೋತ ಮೇಲೆ ಮನೆಮನೆಗೆ ಹೋಗಿ ಕೂಸುಗಳಿಗೆ ಎರೆಯುವ ಕೆಲಸ ಹಿಡಿದಿದ್ದಳು. ಗಂಡ ತೀರಿಹೋಗಿದ್ದ. ಮಗ ಗೌಂಡಿ, ಗಾರೆ ಕೆಲಸದವನು. ನಮ್ಮ ಸೊಸೈಟಿಯ ಹಿಂದೆ ಏಳುತ್ತಿದ್ದ ಹೊಸ ಕಟ್ಟಡದ ಮಗ್ಗುಲಲ್ಲೇ ತಗಡಿನ ಶೆಡ್ಡಿನಲ್ಲಿ ಇಬ್ಬರ ವಾಸ. ಲಿಫ್ಟಿನಲ್ಲಿ ಮರಾಠಿ ಮಾತಾಡುತ್ತ ಬಂದವಳು ನಮ್ಮ ಹೊಸಿಲು ದಾಟಿದೊಡನೆ ಕನ್ನಡಕ್ಕೆ ಹೊರಳುತ್ತಿದ್ದಳು. ಧಾರವಾಡದವರಾದ ನಮಗೆ ಅವಳ ಮಾತು ಕೇಳಿ ನಗು, ಅವಳಿಗೆ ನಮ್ಮದು ಕೇಳಿ.

ಡಾಕ್ಟರು ಕೂಸಿನ ತೂಕವನ್ನು ತಕ್ಕಡಿಯಲ್ಲಿ ನೋಡಿದರೆ ನೀಲವ್ವ ತೊಡೆಯ ನೆರಿಗೆಯಲ್ಲಿ ನೋಡುತ್ತಿದ್ದಳು. ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಎಂದು ಬೆರಳಾಡಿಸಿ ನೋಡಿಯೇ ಟವೆಲ್ಲು ಸುತ್ತುವುದು. ಮಗಳಿಗೆ ಆರು ತಿಂಗಳು ತುಂಬಿ ಮೂರು ವಾರವಾಗಿತ್ತು. ಒಂದು ದಿನ ಬೈಗುಳ ಅರ್ಧಕ್ಕೇ ನಿಂತಿತು. "ತೊಡಿ ಸಡ್ಲ ಆಗ್ಯಾವ್ರಿ ಅಕ್ಕೋರ. ಇದಕ್ಕ ಹಾಲು ಸಾಲವಲ್ದು" ಅಂದಳು.

ನನಗೆ ಗೊತ್ತಿಲ್ಲದ್ದೇನಲ್ಲ. ಮನೆಯಿಂದಲೇ ಆಫೀಸಿನ ಕೆಲಸಕ್ಕೆ ಮರಳಿದ ಮೇಲೆ ನನ್ನ ಹಾಲು ಕಡಿಮೆಯಾಗಿತ್ತು, ಮಗಳು ಬಾಟಲಿ ಮುಟ್ಟುತ್ತಿರಲಿಲ್ಲ. ನಾವು ಊಟಕ್ಕೆ ಕೂತರೆ ನಮ್ಮ ಕೈ ತಾಟಿನಿಂದ ಬಾಯಿಗೆ ಹೋಗುವುದನ್ನೇ ನೋಡುತ್ತ ತಾನೂ ಬಾಯಿ ಆಡಿಸುತ್ತಿದ್ದಳು. ಅನ್ನ ಬೇಳೆ ಶುರುಮಾಡಿ ಎಂದು ಡಾಕ್ಟರು ಎರಡು ಸಲ ಹೇಳಿಯಾಗಿತ್ತು. ಆದರೆ ನಮ್ಮ ಅತ್ತೆಯವರದು ಒಂದೇ ಮಾತು: ಮೊದಲ ತುತ್ತು ಸೋದರಮಾವನ ಕೈಯಿಂದಲೇ ಆಗಬೇಕು. ಆ ಸೋದರಮಾವ, ಅಂದರೆ ನನ್ನ ತಮ್ಮ, ಸೈನ್ಯದಲ್ಲಿ. ಅವನ ರಜೆ ಎರಡು ಸಲ ಮುಂದಕ್ಕೆ ಹೋಗಿತ್ತು. ಗಂಡನನ್ನು ಕೇಳಿದರೆ "ಅವ್ವಗ ಬ್ಯಾಸರ ಮಾಡಬ್ಯಾಡ, ಇನ್ನೊಂದು ವಾರ ನೋಡೋಣು" ಎಂದು ಪಿಂಪ್ರಿಯ ಫ್ಯಾಕ್ಟರಿಗೆ ಹೊರಟುಬಿಟ್ಟ. ಕೆಲಸದಲ್ಲಿ ಹನ್ನೆರಡು ಜನರಿಗೆ ಬುದ್ಧಿ ಹೇಳುವ ನಾನು ಮನೆಯಲ್ಲಿ ಬೆಕ್ಕಿನ ಮುಂದಿನ ಇಲಿ.

ಇದನ್ನೆಲ್ಲ ಹೇಳಿದಾಗ ನೀಲವ್ವ ಕೂಸಿಗೆ ಸಾಂಬ್ರಾಣಿ ಹೊಗೆ ಹಿಡಿದಳು. ಆಮೇಲೆ ತಾನಾಗಿ ಹೇಳಿದಳು:

"ನಂದೂ ಮೊದಲಿಂದು ಹೆಣ್ಣುಕೂಸೇ ಇತ್ರಿ. ಅಣ್ಣ ಬರ್ಲಿ, ಅಣ್ಣ ಬಂದು ಉಣಸ್ಲಿ ಅಂತ ಕುಂತೆ. ಅಂವ ಗೋವಾದಾಗ ರಸ್ತಾ ಕೆಲಸಕ್ಕ ಹೋಗಿದ್ದ. ನನ್ನ ತಲಿ ಮ್ಯಾಲ ಇಟ್ಟಂಗಿ, ಎದ್ಯಾಗ ಹಾಲಿಲ್ಲ. ಒಂಬತ್ತು ತಿಂಗಳ ಆತು. ಕೂಸು ಸೊರಗಿ ಸೊರಗಿ ಕಡ್ಡಿ ಆತು, ಆಮ್ಯಾಲ ಭೇದಿ ಹತ್ತಿತು."

"ಅಣ್ಣ ಬರಲಿಲ್ಲೇನು?" ಎಂದು ಕೇಳಿದೆ.

"ಬಂದನ್ರಿ. ಕೂಸಿನ ಮಣ್ಣಿಗೆ ಬಂದ."

ಅಂದು ಮೀಟಿಂಗಿನಲ್ಲಿ ಯಾರು ಏನು ಹೇಳಿದರೋ ನನಗೆ ತಿಳಿಯಲಿಲ್ಲ. ಮರುದಿನ ನೀಲವ್ವ ಬಂದಾಗ ನಾನೇ ಅವಳ ಕೈ ಹಿಡಿದು ಕೇಳಿದೆ. "ಅತ್ತಿಯವರು ಹತ್ತಕ್ಕ ಭಜನಿಗೆ ಹೋಗ್ತಾರ. ನೀನ ನಾಲ್ಕು ತುತ್ತು ಉಣಸ್ತೀಯೇನು? ನನಗ ಧೈರ್ಯ ಆಗವಲ್ದು."

"ನೀವು ಅನ್ನ ಮೆತ್ತಗ ಮಾಡ್ರಿ, ಉಳಿದದ್ದು ನನಗ ಬಿಡ್ರಿ. ಹಸಿವಿಗೆ ಪಂಚಾಂಗ ಇಲ್ರಿ ಅಕ್ಕೋರ" ಅಂದಳು.

ಅಡುಗೆಮನೆಯ ನೆಲದ ಮೇಲೆ ಕೂತು, ಅನ್ನಕ್ಕೆ ಬೇಳೆಯ ಕಟ್ಟು, ಒಂದು ಹನಿ ತುಪ್ಪ ಹಾಕಿ, ಬೆರಳಿನಿಂದ ಹಿಸುಕಿ ಹಿಸುಕಿ ಅಗುಳೇ ಕಾಣದ ಹಾಗೆ ಮಾಡಿದಳು. ಮೊದಲ ತುತ್ತನ್ನು ಮಗಳು ನಾಲಿಗೆಯಿಂದ ಹೊರಗೆ ತಳ್ಳಿದಳು. ನೀಲವ್ವ ಅವಸರ ಮಾಡಲಿಲ್ಲ. ಗಲ್ಲದ ಮೇಲಿದ್ದುದನ್ನೇ ಬೆರಳಲ್ಲಿ ತೆಗೆದು ಮತ್ತೆ ತುಟಿಗೆ ಹಚ್ಚಿದಳು. ನಾಲ್ಕನೆಯದಕ್ಕೆ ಮಗಳು ಅವಳ ಬೆರಳನ್ನೇ ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಎಳೆದುಕೊಂಡಳು. ನಾನು ಬಾಗಿಲಿಗೆ ಆತು ನಿಂತು ಅತ್ತುಬಿಟ್ಟೆ. ನೀಲವ್ವನೂ ಅಳುತ್ತಿದ್ದಳು, ಆದರೆ ಕೈ ನಿಲ್ಲಿಸಲಿಲ್ಲ.

ಆ ದಿನ ಭಜನೆ ಬೇಗ ಮುಗಿದಿತ್ತು. ಅತ್ತೆಯವರು ಬಂದದ್ದೇ ಮೊಮ್ಮಗಳ ಗಲ್ಲ ನೋಡಿದರು.

"ಯಾರು ಉಣಿಸಿದ್ರು?"

ನೀಲವ್ವ ನನ್ನ ಕಡೆ ನೋಡಿದಳು. ನನ್ನ ಬಾಯಿಂದ ಬಂದ ಮಾತು ಇದು: "ನನಗ ಗೊತ್ತಿಲ್ರಿ. ನಾ ಮೀಟಿಂಗಿನ್ಯಾಗ ಇದ್ದೆ."

ನೀಲವ್ವ ಕೂಸಿನ ಗಲ್ಲ ಒರೆಸಿದಳು. "ಹೌದ್ರಿ ಅಮ್ಮೋರ, ನಾನೇ ತಿನಿಸ್ದೆ. ನೋಡಾಕ ಆಗಲಿಲ್ಲ" ಎಂದು ಎದ್ದು ಬಟ್ಟಲು ತೊಳೆದಿಟ್ಟಳು.

"ಮೊದಲ ತುತ್ತು ಯಾರ ಕೈಯಿಂದ ಅನ್ನೋದಕ್ಕ ಒಂದು ರೀತಿ ಇರ್ತದ. ಇದು ಲೆಕ್ಕಕ್ಕಿಲ್ಲ, ಮಾವ ಬರೋತನಕ ಕಾಯೋದ. ನಾಳಿಂದ ಬರಬ್ಯಾಡ" ಅಂದರು ಅತ್ತೆಯವರು. ಅವರು ಕೆಟ್ಟವರಲ್ಲ. ಅವರಿಗೆ ತಿಳಿದದ್ದನ್ನು ಅವರು ಮಾಡಿದರು. ತಿಳಿದೂ ಮಾಡದವಳು ನಾನು.

ಅಂದಿನಿಂದ ಮಲಗುವ ಕೋಣೆಯ ಚಿಲಕ ಹಾಕಿಕೊಂಡು ದಿನಕ್ಕೆರಡು ಸಲ ಮಗಳಿಗೆ ಉಣಿಸತೊಡಗಿದೆ. ನೀಲವ್ವ ಮಾಡಿದ ಹಾಗೆಯೇ ಹಿಸುಕಿ, ಹಾಗೆಯೇ ಗಲ್ಲದ ಮೇಲಿನದನ್ನು ತೆಗೆದು. ತೊಡೆಯ ನೆರಿಗೆಗಳು ಮರಳಿದವು. ಅತ್ತೆಯವರು ಅದನ್ನು ಹಾಲಿನ ಮಹಿಮೆ ಎಂದುಕೊಂಡರು.

ಮೂರು ವಾರದ ನಂತರ ಸೊಸೈಟಿಯ ಗೇಟಿನ ಹತ್ತಿರ ನೀಲವ್ವ ಎದುರಾದಳು. ಮಗಳು ದಪ್ಪ ಹೊದಿಕೆಯಲ್ಲಿ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ಅತ್ತೆಯವರು. ನೀಲವ್ವನ ಮುಖದಲ್ಲಿ ಸಿಟ್ಟಿಲ್ಲ, ಏನಿಲ್ಲ. ಒಂದೇ ಮಾತು ಕೇಳಿದಳು.

"ಕೂಸು ಉಣ್ಲಾಕತ್ತದೇನ್ರಿ ಅಕ್ಕೋರ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು ಹೇಳಿದರು, "ಇನ್ನೂ ಇಲ್ಲ. ಬರೋ ತಿಂಗಳ ಅದರ ಮಾವ ಬರ್ತಾನ."

ನೀಲವ್ವ ನನ್ನನ್ನೇ ನೋಡುತ್ತ ನಿಂತಳು. ಹೌದು ಅನ್ನಲು ಎಷ್ಟು ಹೊತ್ತು ಬೇಕು? ನಾನು ಮಗಳ ಹೊದಿಕೆ ಸರಿಪಡಿಸಿದೆ. ಅವಳು ಕೂಸಿನ ಕಾಲನ್ನು ಹೊದಿಕೆಯ ಮೇಲಿಂದಲೇ ಒಮ್ಮೆ ಮುಟ್ಟಿ ಹೊರಟುಹೋದಳು.

ಭಾನುವಾರ ಶೆಡ್ಡಿಗೆ ಹುಡುಕಿಕೊಂಡು ಹೋದೆ. ತಗಡುಗಳನ್ನು ಬಿಚ್ಚಿ ಲಾರಿಗೆ ಹೇರುತ್ತಿದ್ದರು. ಕಟ್ಟಡದ ಕೆಲಸ ಮುಗಿದು, ಆ ಗುಂಪಿನವರೆಲ್ಲ ಬೇರೆಲ್ಲೋ ಹೋದರಂತೆ. ಊರಿಗೋ ಇನ್ನೊಂದು ಕೆಲಸಕ್ಕೋ ವಾಚ್‌ಮನ್‌ಗೆ ಗೊತ್ತಿರಲಿಲ್ಲ. ಅವಳ ಮಗನ ಫೋನು ಅಂದಿನಿಂದ ಇಂದಿನವರೆಗೂ ಹತ್ತಿಲ್ಲ.

ಮಗಳಿಗೆ ಈಗ ನಾಲ್ಕು ವರ್ಷ. ಎರಡು ಸಲ ಕೇಳಿ ಹಾಕಿಸಿಕೊಂಡು ಹೊಟ್ಟೆ ತುಂಬ ಉಣ್ಣುತ್ತಾಳೆ. ಎಲ್ಲಿಯೋ ಒಂದು ಶೆಡ್ಡಿನಲ್ಲಿರುವ ನೀಲವ್ವನ ಮನಸ್ಸಿನಲ್ಲಿ ಮಾತ್ರ ನನ್ನ ಮಗಳಿನ್ನೂ ಹಸಿದೇ ಇದ್ದಾಳೆ.