ಟಿಟವಿಯ ಎದೆಬಡಿತ

ಪುಣೆಯ ಪಕ್ಕದ ನಮ್ಮ ಚಿಂಚವಾಡದ ಕಾಲನಿಯ ಹಿಂದೆ ಆಗಿನ್ನೂ ಬಯಲಿತ್ತು. ಒಣಹುಲ್ಲು, ಕಾದ ಮಣ್ಣು, ಪಕ್ಕದ ಕಾರ್ಖಾನೆಯ ಎಣ್ಣೆ, ಈ ಮೂರರ ವಾಸನೆ ಕೂಡಿದರೆ ಬೇಸಿಗೆ ರಜೆ ಬಂತೆಂದು ನಮ್ಮ ಮೂಗಿಗೇ ತಿಳಿಯುತ್ತಿತ್ತು. ನನಗೆ ಹನ್ನೆರಡು ವರ್ಷ. ಒಂದೆಡೆ ಕೂರುವುದು ನನ್ನ ಜಾಯಮಾನದಲ್ಲೇ ಇರಲಿಲ್ಲ. ಅಪ್ಪನ ಸೀನು, ಕಾಯಿಪಲ್ಯ ಮಾರುವ ಮಾವಶಿಯ ‘ಭಾಜೀ’ ಕೂಗು, ಸಿಟ್ಟಿಗೇಳುವ ಮೊದಲು ಗಣಿತದ ಸರ್ ಗಂಟಲು ಸರಿಮಾಡಿಕೊಳ್ಳುವ ರೀತಿ, ಎಲ್ಲವನ್ನೂ ಅಣಕಿಸುತ್ತಿದ್ದೆ. ಯಾರೂ ಸಿಗದಿದ್ದರೆ ನನ್ನನ್ನೇ ಅಣಕಿಸಿಕೊಳ್ಳುತ್ತಿದ್ದೆ. ಪೆಟ್ಟು ಬೀಳುವ ಮುಂಚೆಯೇ ನಾನು ತೆಗೆಯುವ ಅಳುವಿನ ರಾಗವಂತೂ ನನಗೆ ಭಾಳ ಚೆನ್ನಾಗಿ ಬರುತ್ತಿತ್ತು.

ಆ ವರ್ಷ ನಮ್ಮ ಮಾಳಿಗೆಯ ಕೋಣೆಗೆ ಧಾರವಾಡದ ವಾಣಿ ಅಕ್ಕ ಬಾಡಿಗೆಗೆ ಬಂದಳು. ಕಾಡುಪ್ರಾಣಿಗಳ ಸಂಶೋಧನೆ ಎಂದಾಗ ನಾನು ಹುಲಿ ಎಂದುಕೊಂಡೆ. ನೋಡಿದರೆ ನಮ್ಮ ಬಯಲಿನ ಟಿಟವಿ. ಪುಸ್ತಕದ ಕನ್ನಡದಲ್ಲಿ ಟಿಟ್ಟಿಭ. ನೆಲದ ಮೇಲೆಯೇ ಕಲ್ಲುಗಳ ನಡುವೆ ಮೊಟ್ಟೆಯಿಟ್ಟು, ಯಾರು ಸುಳಿದರೂ ಊರಿಗೆಲ್ಲ ಕೇಳುವಂತೆ ಕಿರುಚುವ ಹಕ್ಕಿ. ಇಂಥ ಗದ್ದಲದ ಊರಲ್ಲಿ ಕಾವಿಗೆ ಕೂತ ಹಕ್ಕಿಯ ಎದೆ ಯಾವುದಕ್ಕೆ ಎಷ್ಟು ಬಡಿದುಕೊಳ್ಳುತ್ತದೆ ಎಂಬುದು ಅಕ್ಕನ ಪ್ರಶ್ನೆ. ಅದಕ್ಕೆ ಒಂದು ಸುಳ್ಳು ಮೊಟ್ಟೆ ಬೇಕಿತ್ತು, ಒಳಗೆ ಬಡಿತ ಹಿಡಿಯುವ ಪುಟ್ಟ ಯಂತ್ರವಿಟ್ಟದ್ದು.

ಆ ಮೊಟ್ಟೆಗೆ ಬಣ್ಣ ಹಚ್ಚಿದವಳು ಅವ್ವ. ಟಿಟವಿ ಕೂಗಿದರೆ ಯಾರಿಗೋ ಕೇಡು ಎಂದು ಗೊಣಗುತ್ತಲೇ, ರಂಗೋಲಿಯಲ್ಲಿ ಪಳಗಿದ ಕೈಯಿಂದ ಚಹಾದ ಕಂದು ಬಳಿದು, ಮೇಲೆ ಕಾಡಿಗೆಯ ಚುಕ್ಕೆ ಇಟ್ಟಳು. ಹಕ್ಕಿ ಅದನ್ನು ಒಮ್ಮೆ ಕೊಕ್ಕಿನಿಂದ ಉರುಳಿಸಿ ನೋಡಿ, ಉಳಿದವುಗಳ ಜೊತೆ ಸೇರಿಸಿಕೊಂಡು ಕೂತೇಬಿಟ್ಟಿತು. ಅವ್ವ ಮೂರು ದಿನ ಬೀಗಿದಳು.

ದೂರದಲ್ಲಿ ಬಿದ್ದಿದ್ದ ಸಿಮೆಂಟ್ ಕೊಳವೆಯೊಳಗೆ ಕೂತು ನಾವು ಲ್ಯಾಪ್‌ಟಾಪಿನಲ್ಲಿ ಬಡಿತದ ಗೆರೆ ನೋಡುತ್ತಿದ್ದೆವು. ಟ್ರಕ್ಕಿಗೆ ಗೆರೆ ಕದಲುತ್ತಿರಲಿಲ್ಲ. ನಾಯಿ ಬಂದರೆ ಜಿಗಿಯುತ್ತಿತ್ತು. ನಾಲ್ಕಕ್ಕೆ ಅಕ್ಕ ಚಹಾಕ್ಕೆ ಹೋಗುವಾಗ ಟಿಪ್ಪಣಿಯ ವಹಿ ನನ್ನ ಕೈಗೆ ಕೊಡುತ್ತಿದ್ದಳು. ಗೂಡಿನ ಹತ್ತಿರ ಸುಳಿದದ್ದನ್ನೆಲ್ಲ ವೇಳೆ ಹಾಕಿ ಬರೆಯಬೇಕು. ಏನೂ ಬರದಿದ್ದರೆ ‘ಏನೂ ಇಲ್ಲ’ ಎಂದು. ಆಮೇಲೆ ಅವಳು ಗೆರೆಗೂ ವಹಿಗೂ ತಾಳೆ ನೋಡುತ್ತಿದ್ದಳು.

ಅರ್ಧ ಗಂಟೆ ಸುಮ್ಮನಿರುವುದೆಂದರೆ ನನಗೆ ಮೈಮೇಲೆ ಇರುವೆ ಬಿಟ್ಟಂತೆ. ಒಂದು ದಿನ ತಡೆಯಲಾಗದೆ, ಜೋಡಿ ಹಕ್ಕಿ ಅಪಾಯ ಕಂಡಾಗ ಕೂಗುವ ಕೂಗನ್ನು ಕೊಳವೆಯೊಳಗಿಂದ ಹೊರಡಿಸಿದೆ. ಗೆರೆ ಗೋಡೆ ಹತ್ತಿತು. ಹಕ್ಕಿ ಮೊಟ್ಟೆ ಬಿಟ್ಟೆದ್ದು ಓಡಿತು. ನನ್ನ ಅಣಕಕ್ಕೆ ಕಾಲನಿಯ ಮಂದಿ ನಕ್ಕಿದ್ದರು, ಬೈದಿದ್ದರು. ನಂಬಿ ಎದೆ ನಡುಗಿಸಿಕೊಂಡವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಮರುದಿನವೂ ಕೂಗಿದೆ. ಅದರ ಮರುದಿನವೂ. ವಹಿಯಲ್ಲಿ ಮಾತ್ರ ನೀಟಾಗಿ ‘ಏನೂ ಇಲ್ಲ’. ಸುಳ್ಳು ಬರೆಯುತ್ತಿದ್ದೇನೆ ಎಂದು ಅನಿಸಲೇ ಇಲ್ಲ. ನಾಯಿ ಬಂದಿರಲಿಲ್ಲ, ಆಡು ಬಂದಿರಲಿಲ್ಲ, ನಾನಂತೂ ಮೊದಲಿಂದ ಅಲ್ಲೇ ಇದ್ದವನು.

ವಾರ ಕಳೆಯುವಷ್ಟರಲ್ಲಿ ಅಕ್ಕ ಮೆಟ್ಟಿಲ ಮೇಲೆ ನಿಂತು ತನ್ನ ಸರ್‌ಗೆ ಫೋನಿನಲ್ಲಿ ಹೇಳುವುದು ಕೇಳಿತು. ದಿನಾ ನಾಲ್ಕರ ಮೇಲೆ, ಏನೂ ಇಲ್ಲದಾಗಲೇ ಹಕ್ಕಿಯ ಎದೆ ಹಾರುತ್ತದೆ. ಐದಕ್ಕೆ ಬರುವ ಆಡಿನ ಹಿಂಡು ಅದಕ್ಕೆ ಮೊದಲೇ ಗೊತ್ತಾಗುತ್ತಿರಬೇಕು. ಸೋಮವಾರ ತನ್ನ ವಿಭಾಗದ ಎಲ್ಲರ ಮುಂದೆ ತೋರಿಸುತ್ತಾಳಂತೆ. ಖುಷಿಗೆ ಅವಳ ಧ್ವನಿ ನಡುಗುತ್ತಿತ್ತು. ಚಟ ನೋಡಿ, ನಾನು ಮೊದಲು ಮಾಡಿದ್ದು ಆ ನಡುಕವನ್ನು ಗಂಟಲಲ್ಲಿ ಕೂರಿಸಿಕೊಳ್ಳುವ ಕೆಲಸ. ಅರ್ಧಕ್ಕೇ ನಿಂತಿತು. ಅವಳ ಖುಷಿ ಹುಟ್ಟಿದ್ದೂ ನನ್ನ ಅದೇ ಗಂಟಲಲ್ಲಿ.

ಎರಡು ದಿನ ಒಳಗೆ ಹೊರಗೆ ಅಡ್ಡಾಡಿದೆ. ಅನ್ನ ಸೇರಲಿಲ್ಲ. ಭಾನುವಾರ ಮಧ್ಯಾಹ್ನ ಹಕ್ಕಿ ಎಲ್ಲಿಯದೋ ನೀರಿನಲ್ಲಿ ಹೊಟ್ಟೆಯ ಗರಿ ತೋಯಿಸಿಕೊಂಡು ಓಡಿ ಬಂದು ಮೊಟ್ಟೆಗಳ ಮೇಲೆ ಕೂತಿತು. ಈ ಬಿಸಿಲಿಗೆ ತೆರೆದಿಟ್ಟರೆ ಮೊಟ್ಟೆ ಒಳಗೇ ಬೇಯುತ್ತವೆ ಎಂದಳು ಅಕ್ಕ. ನನ್ನ ಕೂಗಿಗೆ ಹಕ್ಕಿ ಎಷ್ಟು ಸಲ ಎದ್ದು ಓಡಿತ್ತು ಎಂದು ಬೆರಳಲ್ಲಿ ಎಣಿಸಿದೆ. ಅವಳ ಹಿಂದೆಯೇ ಕೋಣೆಯವರೆಗೆ ಹೋಗಿ, ಬಾಗಿಲಲ್ಲೇ ನಿಂತೆ.

“ಅಕ್ಕಾ, ಆಡಿಂದಲ್ಲ ಅದು. ನಂದು.”

“ಏನಲೇ ನಿಂದು?”

ಕೂಗಿ ತೋರಿಸಿದೆ. ಅಕ್ಕ ಮಂಚದ ಮೇಲೆ ಕುಸಿದು ಕೂತಳು. ವಹಿ ತೆರೆದು ಆ ವಾರದ ಪುಟದ ಮೇಲೆ ಬೆರಳಿಟ್ಟಳು.

“ಇಲ್ಲೆ ಏನೂ ಇಲ್ಲ ಅಂತ ಬರದೀಯಲ್ಲ.”

“ನಾಯಿ ಬಂದಿದ್ದಿಲ್ಲಕ್ಕಾ, ಆಡೂ ಬಂದಿದ್ದಿಲ್ಲ.”

“ಮತ್ತ ನೀ ಏನೂ ಅಲ್ಲೇನಲೇ ಮಂಗ್ಯಾ?”

ಆ ಪ್ರತಿಯೊಂದು ‘ಏನೂ ಇಲ್ಲ’ವನ್ನೂ ಹೊಡೆದುಹಾಕಿಸಿ, ಪಕ್ಕದಲ್ಲಿ ನನ್ನ ಕೈಯಿಂದಲೇ ‘ನಾನು’ ಎಂದು ಬರೆಸಿದಳು. ಆಮೇಲೆ ಸರ್‌ಗೆ ಫೋನ್ ಮಾಡಿದಳು. ಆಗಿನ ಅವಳ ಧ್ವನಿಯನ್ನು ನಾನು ಇವತ್ತಿನವರೆಗೂ ಅಣಕಿಸಿಲ್ಲ.

ಸೋಮವಾರ ನಾಲ್ಕಕ್ಕೆ ವಹಿ ಮತ್ತೆ ನನ್ನ ಕೈಗೇ ಬಂತು. ಬೈಗುಳಕ್ಕಿಂತ ಅದೇ ಭಾರವಾಗಿತ್ತು. ಕೈಗಳನ್ನು ತೊಡೆಯ ಕೆಳಗೆ ಒತ್ತಿ, ನಾಲಿಗೆ ಹಲ್ಲಲ್ಲಿ ಹಿಡಿದು ಕೂತೆ. ಕೆಲವು ದಿನಗಳಲ್ಲಿ ಮೂರು ಮರಿ ಹೊರಬಂದು ತಾಯಿಯ ಹಿಂದೆ ಓಡಿದವು. ಅವ್ವ ಬಣ್ಣ ಹಚ್ಚಿದ ಮೊಟ್ಟೆಯ ಪಕ್ಕದಲ್ಲಿ ನಿಜವಾದದ್ದೊಂದು ಹಾಗೇ ಉಳಿಯಿತು. ಅದನ್ನೂ ವೇಳೆ ಹಾಕಿ ವಹಿಯಲ್ಲಿ ಬರೆದೆ.

ಈಗ ಬಯಲಿನ ಜಾಗದಲ್ಲಿ ಕಾರುಗಳು ಅಂತಸ್ತು ಅಂತಸ್ತಾಗಿ ನಿಲ್ಲುತ್ತವೆ. ಹುಲ್ಲಿನ ವಾಸನೆ ಹೋಗಿ ಎಣ್ಣೆಯದೊಂದೇ ಉಳಿದಿದೆ. ನನ್ನ ಗಂಟಲೂ ಒಡೆದು ದಪ್ಪಗಾಗಿದೆ. ಕನ್ನಡದವರ ಕಾರ್ಯಕ್ರಮಗಳಲ್ಲಿ ಮಂತ್ರಿಗಳನ್ನು ಅಣಕಿಸಲು ಅದು ಸಾಕು. ಹೋದ ಬೇಸಿಗೆ ಆ ಕಾರುಗಳ ನಡುವೆ ನಿಂತು, ಸುತ್ತ ನೋಡಿ, ಒಮ್ಮೆ ಟಿಟವಿಯಂತೆ ಕೂಗಿದೆ. ಕೆಮ್ಮಿದಂತಾಯಿತು. ಗೇಟಿನ ವಾಚ್‌ಮನ್ ತಲೆಯೆತ್ತಿ, “ಕಾಯ್ ಝಾಲಂ ಭಾವೂ?” ಏನಾಯಿತೆಂದು ಕೇಳಿದ.

“ಕಾಹೀ ನಾಹೀ,” ಎಂದೆ. ಏನೂ ಇಲ್ಲ. ಈ ಸಲ ಅದು ನಿಜವಾಗಿತ್ತು.