ಅಲೆಗಳ ಪಾಠಕ್ಕೆ ಊರಮ್ಮನ ಅಪ್ಪಣೆ

ಹಳೇ ಪ್ರಶ್ನೆಪತ್ರಿಕೆಗಳನ್ನು ಜಾಲಾಡಿ, ಹೆಚ್ಚು ಕೇಳುವ ಪಾಠಗಳನ್ನೇ ಓದುವ ಉಪಾಯವನ್ನು ನನಗೆ ಮೊದಲು ಹೇಳಿದವಳು ಮಗಳು ರೇಣುಕಾ. ಹೋದ ವರ್ಷ ನೀಟ್ ಬರೆದು ಡಾಕ್ಟರ್ ಸೀಟನ್ನು ಸ್ವಲ್ಪದರಲ್ಲಿ ಕಳೆದುಕೊಂಡಿದ್ದಳು. ಈ ಸಲವೂ ತಪ್ಪಿದರೆ ಮತ್ತೆ ಬರೆಸುವ ಮಾತಿರಲಿಲ್ಲ.

“ಅಪ್ಪಾ, ಫಿಸಿಕ್ಸಿನ ಅಲೆಗಳ ಪಾಠದಾಗ ಕೇಳೋದೇ ಕಡಿಮಿ. ಬಿಟ್ಟುಬಿಡ್ತೀನಿ” ಅಂದಳು.

“ಊರಮ್ಮನ್ನ ಒಂದು ಮಾತು ಕೇಳಿ ಬಿಡವ್ವ” ಅಂದೆ. ನಮ್ಮಲ್ಲಿ ಬೋರ್ ಕೊರೆಸುವುದಕ್ಕೂ ಅಮ್ಮನ ಮೈಮೇಲೆ ಹೂ ಹಚ್ಚಿ ಅಪ್ಪಣೆ ಕೇಳುತ್ತೇವೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ.

ಹರಪನಹಳ್ಳಿಯ ಕೋಚಿಂಗಿಗೆ ರಜೆಯಿದ್ದ ದಿನ ಗುಡಿಗೆ ಹೋದೆವು. ಸಾಲಿನಲ್ಲಿ ನಿಂತ ಮಗಳು ಮುಂದಿನವರ ಹೂಗಳನ್ನೇ ನೋಡುತ್ತಿದ್ದಳು. ಕುರಿ ಕೊಳ್ಳುವವರಿಗೆ ಬಲ, ಸೊಸೆ ತರುವವರಿಗೂ ಬಲ.

“ಅಪ್ಪಾ, ಎಲ್ಲಾ ಬಲಕ್ಕೇ ಬೀಳಾಕತ್ತಾವ. ನಂದೂ ಗ್ಯಾರಂಟಿ” ಎಂದು ಪಿಸುಗುಟ್ಟಿದಳು.

“ದೇವ್ರ ಮುಂದ ಲೆಕ್ಕ ಹಾಕಬ್ಯಾಡ, ಸುಮ್ನಿರು” ಎಂದು ಗದರಿದೆ.

ಪೂಜಾರಿ ಹೂ ಹಚ್ಚಿದರು. ಮಗಳು ಕೈ ಮುಗಿದು, “ತಾಯಿ, ಅಲೆಗಳ ಪಾಠ ಬಿಡಲೇನವ್ವ?” ಅಂದಳು. ಹೂವು ಪಟ್ಟನೆ ಎಡಕ್ಕೆ ಬಿತ್ತು.

“ಓದಬೇಕಂತ ಅಪ್ಪಣೆ ಐತಿ ನೋಡವ್ವ” ಎಂದು ಪೂಜಾರಿ ನಕ್ಕರು.

ರೇಣುಕಾ ಮುಖ ಸಣ್ಣದು ಮಾಡಿಕೊಂಡು, “ಅಪ್ಪಾ, ಈ ವರ್ಷ ಅಮ್ಮ ಪ್ಯಾಟರ್ನ್ ಬದಲು ಮಾಡ್ಯಾಳ” ಅಂದಳು. ಮನೆಗೆ ಬಂದವಳೇ ಗೊಣಗುತ್ತ ಆ ಪಾಠ ತೆರೆದಳು.

ಪರೀಕ್ಷೆಯಲ್ಲಿ ಅಲೆಗಳ ಮೇಲೆ ಒಂದು ಪ್ರಶ್ನೆಯೂ ಬರಲಿಲ್ಲವಂತೆ. ಸೀಟು ಮಾತ್ರ ಬಂತು. ಓದು ಅಂದಿದ್ದಳೇ ಹೊರತು, ಪರೀಕ್ಷೆಗೆ ಬರುತ್ತದೆ ಅಂತ ಅಮ್ಮ ಎಲ್ಲಿ ಹೇಳಿದ್ದಳು? ಓದುವ ಮಕ್ಕಳಿರುವ ಮನೆಗೆ ಹೋದಾಗ ಇಷ್ಟನ್ನು ಹೇಳಿ ಬನ್ನಿ.